ಕಾಯಕಕ್ಕೆ ನಿವೃತ್ತಿಯುಂಟೇ?

(ಶ್ರೀಮಠದ ಸುವರ್ಣಮಹೋತ್ಸವದ ಅಂಗವಾಗಿ ನೆರೆದ ಶಿವಾನುಭವ ಸಭೆಯಲ್ಲಿ ಮಾಡಲಾದ ಉಪನ್ಯಾಸ)

॥ ಶ್ರೀಗುರುಬಸವಲಿಂಗಾಯ ನಮಃ ॥

 

ಸದ್ಭಕ್ತರೇ, ಈ ದಿನ ವಿಚಾರಕ್ಕೆ ತೆಗೆದುಕೊಂಡಿರುವ ವಿಷಯವು ಶಾಸ್ತ್ರಗ್ರಂಥಗಳಲ್ಲಿ ಪ್ರತ್ಯೇಕವಾದ ಅಧ್ಯಾಯವಾಗಿ ದೊರೆಯತಕ್ಕದ್ದಲ್ಲ. ಆದರೆ ಭಕ್ತರ ಮನೆಮನೆಗಳಲ್ಲಿ ಪ್ರತಿನಿತ್ಯವೂ ಎದುರಾಗುತ್ತಿರುವಂಥದು. ಮೂವತ್ತು ಮೂವತ್ತೈದು ವರ್ಷಗಳ ಕಾಲ ಶಾಲೆಯಲ್ಲಿಯೋ ಕಚೇರಿಯಲ್ಲಿಯೋ ದುಡಿದವನು ಒಂದು ತಿಂಗಳ ಕಡೆಯ ದಿವಸ ಹಾರ ಹಾಕಿಸಿಕೊಂಡು ಮನೆಗೆ ಬರುತ್ತಾನೆ. ಮರುದಿನ ಬೆಳಿಗ್ಗೆ ಅವನಿಗೆ ಹೋಗಬೇಕಾದ ಸ್ಥಳವೇ ಇರುವುದಿಲ್ಲ. ಮತ್ತೊಬ್ಬನು ಐವತ್ತನೆಯ ವಯಸ್ಸಿನಲ್ಲಿ, ಕಾರ್ಖಾನೆಯ ಬಾಗಿಲು ಮುಚ್ಚಿದ ಕಾರಣ ಕೆಲಸವನ್ನು ಕಳೆದುಕೊಂಡು, ತನ್ನ ಮಗನ ಓರಗೆಯವರೊಡನೆ ಸಾಲಿನಲ್ಲಿ ನಿಂತು ಅರ್ಜಿ ಕೊಡುತ್ತಾನೆ. ಮೂರನೆಯವರಾದ ರೈತನಿಗೂ ನೇಕಾರನಿಗೂ ನಿವೃತ್ತಿಯೆಂಬ ದಿನವೇ ಇಲ್ಲ. ಕೈ ನಡುಗುವವರೆಗೆ ದುಡಿದು, ನಡುಗಿದ ಮೇಲೆ ಮಕ್ಕಳ ಮುಖವನ್ನು ನೋಡುತ್ತಾರೆ. ಶ್ರೀಮಠದ ಅಂಗಳಕ್ಕೆ ಬರುವ ಇಂಥವರೆಲ್ಲರ ಮನಸ್ಸಿನಲ್ಲಿಯೂ ಇರುವ ಪ್ರಶ್ನೆ ಒಂದೇ. ಶರಣರು ಬೋಧಿಸಿದ ಕಾಯಕಕ್ಕೆ ಮುಪ್ಪಿನಲ್ಲಿ ಸ್ಥಾನವೇನು? ಕಾಯಕಕ್ಕೂ ನಿವೃತ್ತಿಯುಂಟೇ?

ಇದಕ್ಕೆ ಉತ್ತರ ಹೇಳುವುದಕ್ಕೆ ಮುಂಚೆ ಹುದ್ದೆ ಮತ್ತು ಕಾಯಕ ಎಂಬ ಎರಡು ಶಬ್ದಗಳ ಭೇದವನ್ನು ತಿಳಿಯುವುದು ಅವಶ್ಯ. ಹುದ್ದೆಯೆಂಬುದು ಸರಕಾರದ್ದು ಅಥವಾ ಧಣಿಯದು. ಅದನ್ನು ಕೊಡುವವರು ಬೇರೆ, ತೆಗೆದುಕೊಳ್ಳುವವರು ಬೇರೆ. ಕೊಟ್ಟವರು ಗೊತ್ತುಮಾಡಿದ ದಿನದಲ್ಲಿ ಅದು ಮುಗಿಯುತ್ತದೆ. ಕಾಯಕವಾದರೋ ಕಾಯದಿಂದ ಹುಟ್ಟಿದ್ದು, ಎಂದರೆ ದೇಹವನ್ನು ದುಡಿಸಿ ಸತ್ಯಶುದ್ಧವಾಗಿ ಮಾಡತಕ್ಕದ್ದು. ಅದಕ್ಕೆ ಮೂರು ಲಕ್ಷಣಗಳು. ಮಾಡುವ ಕೆಲಸದಲ್ಲಿ ವಂಚನೆ ಇರಕೂಡದು. ಬಂದ ಫಲವನ್ನು ಕೂಡಿಹಾಕಕೂಡದು. ತನ್ನ ಅವಶ್ಯಕತೆಗೆ ಮೀರಿದ್ದು ದಾಸೋಹಕ್ಕೆ ಸಲ್ಲಬೇಕು. ಈ ಮೂರರಲ್ಲಿ ಯಾವುದಕ್ಕೂ ಸಂಬಳದ ಪಟ್ಟಿಯಲ್ಲಿ ಹೆಸರಿರಬೇಕೆಂಬ ನಿಯಮವಿಲ್ಲ, ವಯಸ್ಸಿನ ಮಿತಿಯೂ ಇಲ್ಲ.

12ನೆಯ ಶತಮಾನದ ಕಲ್ಯಾಣದ ಶರಣರ ಹೆಸರುಗಳನ್ನೇ ಪರಿಶೀಲಿಸಬಹುದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಒಕ್ಕಲಿಗ ಮುದ್ದಣ್ಣ: ಕಾಯಕವು ಇವರ ಹೆಸರಿನ ಭಾಗವೇ ಆಗಿದೆ. ಇವರಲ್ಲಿ ಯಾರನ್ನಾದರೂ ಲೋಕವು ಮಾಜಿ ಮಡಿವಾಳನೆಂದಾಗಲಿ, ಮಾಜಿ ಅಂಬಿಗನೆಂದಾಗಲಿ ಕರೆದುದಿಲ್ಲ. ಅಧಿಕಾರಿಗಾದರೋ ಹುದ್ದೆ ಹೋದ ಮರುದಿನವೇ ಹೆಸರಿನ ಹಿಂದೆ ‘ಮಾಜಿ’ ಎಂಬ ಶಬ್ದ ಬಂದು ಕೂಡುತ್ತದೆ.

ಇನ್ನು ನಿವೃತ್ತಿಗೆ ವಯಸ್ಸು ಗೊತ್ತಾದುದು ಹೇಗೆಂಬುದನ್ನು ನೋಡೋಣ. ನಮ್ಮ ಪಂಚಾಂಗದಲ್ಲಿ ಪ್ರಭವ ಸಂವತ್ಸರದಿಂದ ಅಕ್ಷಯದವರೆಗೆ 60 ಸಂವತ್ಸರಗಳ ಒಂದು ಆವರ್ತವಿದೆ. ಮನುಷ್ಯನು ಅರವತ್ತನ್ನು ಮುಗಿಸಿದಾಗ ಅವನು ಹುಟ್ಟಿದ ಸಂವತ್ಸರದ ಹೆಸರು ಮರಳಿ ಬರುತ್ತದೆ. ಅದು ಆಯುಷ್ಯದ ಒಂದು ಸುತ್ತು ಮುಗಿದು ಮತ್ತೊಂದು ತೊಡಗುವ ಕಾಲವಲ್ಲದೆ, ಕೆಲಸ ಬಿಡುವ ಕಾಲವೆಂದು ಅದರ ಅರ್ಥವಲ್ಲ. ಕಚೇರಿಯ ಅರವತ್ತಾದರೋ ಬೇರೆ ಮೂಲದ್ದು. ಜರ್ಮನಿ ದೇಶದಲ್ಲಿ 1889ರಲ್ಲಿ ಮುಪ್ಪಿನ ವಿಮೆಯ ಶಾಸನವಾದಾಗ ಗೊತ್ತಾದ ವಯಸ್ಸು 70. 1916ರಲ್ಲಿ ಅದನ್ನು 65ಕ್ಕೆ ಇಳಿಸಲಾಯಿತು. ಇಂಗ್ಲೆಂಡಿನಲ್ಲಿ 1908ರ ಶಾಸನದ ಮೂಲಕ 70 ತುಂಬಿದ ಬಡವರಿಗೆ ಪಿಂಚಣಿ ದೊರೆಯಿತು. ನಮ್ಮ ದೇಶದಲ್ಲಿ ಕೇಂದ್ರ ಸರಕಾರದ ನೌಕರರಿಗೆ 55 ಇದ್ದದ್ದು 1962ರಲ್ಲಿ 58 ಆಯಿತು. 1998ರಲ್ಲಿ 60 ಆಯಿತು. ಕರ್ನಾಟಕ ಸರಕಾರವು 2008ರಲ್ಲಿ ತನ್ನ ನೌಕರರಿಗೆ 58ರ ಬದಲು 60ನ್ನು ಗೊತ್ತುಮಾಡಿತು. ಹೀಗೆ ಈ ಸಂಖ್ಯೆಯು ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗತಕ್ಕದ್ದು. ಬೊಕ್ಕಸದ ಶಕ್ತಿಯನ್ನೂ ಕಿರಿಯರಿಗೆ ಒದಗಬೇಕಾದ ಸ್ಥಳಗಳನ್ನೂ ಲೆಕ್ಕಹಾಕಿ ಹಾಕಿದ ಗೆರೆಯಿದು. ಗೆರೆಯ ಆಚೆಗೆ ಮನುಷ್ಯನ ಯೋಗ್ಯತೆ ಮುಗಿಯಿತೆಂದು ಯಾವ ಶಾಸನವೂ ಹೇಳಿಲ್ಲ.

ಮೇಲಾಗಿ, 1951ರ ಸುಮಾರಿಗೆ ಈ ದೇಶದಲ್ಲಿ ಹುಟ್ಟಿದ ಶಿಶುವಿನ ಸರಾಸರಿ ಆಯುರ್ನಿರೀಕ್ಷೆಯು ಸುಮಾರು 32 ವರ್ಷಗಳಷ್ಟೇ ಇತ್ತು. ಈಗ ಅದು ಸುಮಾರು 70ಕ್ಕೆ ಬಂದಿದೆ. 2011ರ ಜನಗಣತಿಯಲ್ಲಿ 60 ದಾಟಿದವರ ಸಂಖ್ಯೆ 10 ಕೋಟಿಯನ್ನು ಮೀರಿತು. ಹಿಂದಿನವರಿಗೆ ಹುದ್ದೆಯ ನಂತರ ಉಳಿಯುತ್ತಿದ್ದುದು ಅಲ್ಪಕಾಲ; ಈಗಿನವರಿಗೆ ಇಪ್ಪತ್ತು ಇಪ್ಪತ್ತೈದು ವರ್ಷಗಳು ಉಳಿಯುತ್ತವೆ. ಒಬ್ಬ ಮಗು ಹುಟ್ಟಿ, ಓದಿ, ದುಡಿಮೆಗೆ ನಿಲ್ಲುವಷ್ಟು ಕಾಲವಿದು. ಇಷ್ಟು ದೀರ್ಘವಾದ ಅವಧಿಯನ್ನು ಕಾಯಕವಿಲ್ಲದೆ ಕಳೆಯೆಂದು ಯಾರಿಗಾದರೂ ಹೇಳುವುದು ಶರಣಧರ್ಮಕ್ಕೆ ಸಮ್ಮತವಾಗಲಾರದು.

ಶರಣಧರ್ಮದಲ್ಲಿ ಬ್ರಹ್ಮಚರ್ಯಾದಿ ನಾಲ್ಕು ಆಶ್ರಮಗಳ ಕ್ರಮವು ವಿಧಿಯಾಗಿಲ್ಲವೆಂಬುದು ಸರ್ವರಿಗೂ ವಿದಿತವೇ ಇದೆ. ಇಷ್ಟು ವರ್ಷ ಗೃಹಸ್ಥನಾಗಿ, ಬಳಿಕ ಮಕ್ಕಳಿಗೆ ಮನೆಯನ್ನೊಪ್ಪಿಸಿ ವನಕ್ಕೆ ಹೋಗೆಂದು ಶರಣರು ಹೇಳಲಿಲ್ಲ. ಶಿಶುವಿನ ಕೊರಳಿಗೆ ಬಂದ ಲಿಂಗವು ಕಡೆಯ ಉಸಿರಿನವರೆಗೆ ಅಂಗದ ಮೇಲಿರುತ್ತದೆ, ಲಿಂಗಪೂಜೆಗೆ ವಯೋಮಿತಿಯಿಲ್ಲ. ಅಂತೆಯೇ ಕಾಯಕಕ್ಕೂ ಇಲ್ಲ. ಲಿಂಗವು ನೀರಿಗೆ ಬಿದ್ದಾಗಲೂ ನುಲಿಯ ಚಂದಯ್ಯನು ಹುಲ್ಲು ಕೊಯ್ಯುವ ಕಾಯಕವನ್ನು ಬಿಡಲಿಲ್ಲವೆಂದೂ, ಲಿಂಗವೇ ಅವನ ಬೆನ್ನುಹತ್ತಿ ಬಂದಿತೆಂದೂ ಪರಂಪರೆಯ ಕಥೆ ಹೇಳುತ್ತದೆ.

ಇಲ್ಲಿಯವರೆಗಿನ ಮಾತಿಗೆ ಸಭೆಯಲ್ಲಿ ಭಿನ್ನಾಭಿಪ್ರಾಯವಿರಲಾರದು. ಆದರೆ ಇದೇ ಮಾತಿನಿಂದ ಒಂದು ಅನ್ಯಾಯವೂ ಹುಟ್ಟಬಹುದಾಗಿದೆ. ಕಾಯಕಕ್ಕೆ ನಿವೃತ್ತಿಯಿಲ್ಲವೆಂದು ಹೇಳಿ, ಮುದುಕನಿಗೆ ವಿಶ್ರಾಂತಿಯನ್ನು ನಿರಾಕರಿಸುವವರುಂಟು. ಕಾಯಕವೆಂದರೆ ಸೇವೆ, ಸೇವೆಗೆ ಬೆಲೆ ಕೇಳಬಾರದು ಎಂದು ಹೇಳಿ, ದುಡಿದವನಿಗೆ ಸಲ್ಲತಕ್ಕದ್ದನ್ನು ಕಡಿಮೆ ಮಾಡುವವರೂ ಉಂಟು. ಧರ್ಮಸಂಸ್ಥೆಗಳು ನಡೆಸುವ ಶಾಲೆಗಳಲ್ಲಿಯೂ ವಸತಿನಿಲಯಗಳಲ್ಲಿಯೂ ಈ ಅಪಾಯವು ಹೆಚ್ಚೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ. ಏಕೆಂದರೆ ಅಲ್ಲಿ ದುಡಿಯುವ ಉಪಾಧ್ಯಾಯನೂ ಅಡುಗೆಯವನೂ ಕಾವಲುಗಾರನೂ ಭಕ್ತಿಯ ದಾಕ್ಷಿಣ್ಯದಿಂದ ಬಾಯಿಬಿಟ್ಟು ಕೇಳಲಾರರು. ಕೇಳಲಾರದವನ ಪಾಲನ್ನು ಉಳಿಸಿಕೊಳ್ಳುವುದು ಕೇಳುವವನ ಪಾಲನ್ನು ಕಸಿಯುವುದಕ್ಕಿಂತಲೂ ದೊಡ್ಡ ದೋಷ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ಕಥೆಯನ್ನು ಭಕ್ತರೆಲ್ಲರೂ ಬಲ್ಲರು. ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ, ನಿತ್ಯದ ಪ್ರಮಾಣಕ್ಕೆ ಮೀರಿದ್ದು ನಮ್ಮದಲ್ಲವೆಂದು ಲಕ್ಕಮ್ಮನು ಅದನ್ನು ಬಂದಲ್ಲಿಯೇ ಸುರಿದುಬರಲು ಹೇಳಿದಳು. ಈ ಕಥೆಯಿಂದ ದುಡಿಯುವವನು ಕಲಿಯತಕ್ಕದ್ದು ನಿರ್ಲೋಭ. ಆದರೆ ಅದಕ್ಕೆ ಮತ್ತೊಂದು ಮುಖವಿದೆ. ದುಡಿಸಿಕೊಳ್ಳುವವನು ಅದನ್ನು ಕಲಿಯಬೇಕು. ಸಲ್ಲತಕ್ಕದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳುವುದು ದೋಷವಾದರೆ, ಸಲ್ಲತಕ್ಕದ್ದಕ್ಕಿಂತ ಕಡಿಮೆ ಕೊಡುವುದೂ ಅಷ್ಟೇ ದೋಷ. ಲಕ್ಕಮ್ಮನ ಅಳತೆ ಎರಡು ಕಡೆಗೂ ಒಂದೇ.

ಪಿಂಚಣಿಯ ವಿಷಯದಲ್ಲಿ ಲೋಕದ ನ್ಯಾಯವೂ ಇದೇ ಮಾರ್ಗಕ್ಕೆ ಬಂದಿದೆ. ಪಿಂಚಣಿಯು ಸರಕಾರದ ಕೃಪೆಯಲ್ಲ, ಹಿಂದೆ ಮಾಡಿದ ಸೇವೆಗೆ ಸಲ್ಲತಕ್ಕ ಹಕ್ಕು ಎಂದು ಭಾರತದ ಸರ್ವೋಚ್ಚ ನ್ಯಾಯಾಲಯವು 1982ರ ಡಿಸೆಂಬರ್ 17ರಂದು ನಾಕಾರಾ ಪ್ರಕರಣದಲ್ಲಿ ತೀರ್ಪಿತ್ತಿತು. ಆ ದಿನವನ್ನು ಪಿಂಚಣಿದಾರರು ಈಗಲೂ ತಮ್ಮ ದಿನವೆಂದು ಆಚರಿಸುತ್ತಾರೆ. ಸರಕಾರದ ಹೊರಗೆ ದುಡಿಯುವವರಿಗಾಗಿ 1952ರಲ್ಲಿ ಭವಿಷ್ಯನಿಧಿಯ ಶಾಸನವೂ, 1972ರಲ್ಲಿ ಗ್ರಾಚ್ಯುಯಿಟಿಯ ಶಾಸನವೂ, 1995ರಲ್ಲಿ ನೌಕರರ ಪಿಂಚಣಿ ಯೋಜನೆಯೂ ಬಂದವು. ಇಂಥ ವಿಷಯಗಳನ್ನು ಒಟ್ಟುಗೂಡಿಸಿದ 2020ರ ಸಾಮಾಜಿಕ ಭದ್ರತಾ ಸಂಹಿತೆಯನ್ನು 2025ರ ನವೆಂಬರ್ 21ರಿಂದ ಜಾರಿಗೆ ತರಲಾಯಿತು. ಆದರೂ 1995ರ ಯೋಜನೆಯಲ್ಲಿ ಕನಿಷ್ಠ ಪಿಂಚಣಿಯೆಂದು 2014ರಲ್ಲಿ ಗೊತ್ತಾದುದು ತಿಂಗಳಿಗೆ 1000 ರೂಪಾಯಿ ಮಾತ್ರ. 2006ರ ಏಪ್ರಿಲ್ 1ರಿಂದೀಚೆಗೆ ಸೇರಿದ ಕರ್ನಾಟಕದ ಸರಕಾರಿ ನೌಕರರಿಗೆ, ಗೊತ್ತಾದ ಪಿಂಚಣಿಯ ಬದಲು, ತಾವೂ ಸರಕಾರವೂ ತಿಂಗಳು ತಿಂಗಳು ಕಟ್ಟಿದ ಹಣದ ಬೆಳವಣಿಗೆಯನ್ನವಲಂಬಿಸಿದ ಹೊಸ ಪದ್ಧತಿಯನ್ನು ವಿಧಿಸಲಾಯಿತು. ಆದುದರಿಂದ ಮುಪ್ಪಿನ ಅನ್ನದ ಚಿಂತೆಯನ್ನು ಲೌಕಿಕವೆಂದು ಹಗುರಾಗಿ ಕಾಣುವುದು ಯೋಗ್ಯವಲ್ಲ. ಹಸಿದವನಿಗೆ ವೈರಾಗ್ಯವನ್ನು ಬೋಧಿಸುವುದು ದಾಸೋಹದ ಪರಂಪರೆಗೆ ಒಪ್ಪತಕ್ಕದ್ದಲ್ಲ.

ಈಗ, ವಯಸ್ಸು ಬರುವ ಮುನ್ನವೇ ಕೆಲಸವನ್ನು ಕಳೆದುಕೊಂಡವರ ವಿಚಾರ. ಕೋಲಾರದ ಚಿನ್ನದ ಗಣಿಯಲ್ಲಿ ನೂರಿಪ್ಪತ್ತು ವರ್ಷಗಳ ಕಾಲ, ನೆಲದ ಕೆಳಗೆ ಮೂರು ಕಿಲೋಮೀಟರಿಗೂ ಹೆಚ್ಚಿನ ಆಳಕ್ಕೆ ಇಳಿದು ಜನರು ದುಡಿದರು. 2001ರ ಫೆಬ್ರವರಿ ತಿಂಗಳ ಕಡೆಯಲ್ಲಿ ಆ ಗಣಿ ಮುಚ್ಚಿತು. ಬೆಂಗಳೂರಿನಲ್ಲಿ 1961ರಲ್ಲಿ ಜಪಾನಿನವರ ಸಹಕಾರದಿಂದ ಆರಂಭವಾದ ಎಚ್‌.ಎಂ.ಟಿ. ಗಡಿಯಾರದ ಕಾರ್ಖಾನೆಯು ಒಂದು ಕಾಲದಲ್ಲಿ ನಾಡಿನ ಮದುವೆಮನೆಗಳಿಗೆಲ್ಲ ಕೈಗಡಿಯಾರವನ್ನು ಒದಗಿಸಿತು. 2016ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಆ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿಗೆಯಿತ್ತಿತು. ಇಂಥ ಸ್ಥಳಗಳಲ್ಲಿ ದುಡಿದವನ ಕೈಯಲ್ಲಿ ಕುಶಲತೆ ಇದ್ದೇ ಇರುತ್ತದೆ. ಆದರೆ ಆ ಕುಶಲತೆಯನ್ನು ಕೇಳುವ ಅಂಗಡಿಯೇ ಇಲ್ಲವಾಗುತ್ತದೆ. ಅವನ ಮಕ್ಕಳು ಇನ್ನೂ ಓದುತ್ತಿರುತ್ತಾರೆ. ಮಗಳ ಮದುವೆ ಎದುರಿಗಿರುತ್ತದೆ. ಕೈಗೆ ಬಂದ ಪರಿಹಾರದ ಹಣ ನೋಡನೋಡುತ್ತಿದ್ದಂತೆ ಕರಗುತ್ತದೆ. ಕೆಲಸ ಕೇಳಲು ಹೋದಲ್ಲಿ ಅನುಭವವನ್ನು ಹೊಗಳಿ ವಯಸ್ಸನ್ನು ನೋಡಿ ಹಿಂದಕ್ಕೆ ಕಳುಹಿಸುತ್ತಾರೆ. ಕೆಲವರು ಮನೆಯವರಿಗೆ ಈ ಸಂಗತಿಯನ್ನು ಹೇಳಲಾರದೆ, ಎಂದಿನ ವೇಳೆಗೆ ಬುತ್ತಿಯನ್ನು ಹಿಡಿದು ಹೊರಟು, ಕೆರೆಯ ದಂಡೆಯಲ್ಲಿ ಕುಳಿತು ಸಂಜೆಗೆ ಮರಳುವುದೂ ಉಂಟು.

ಇಂಥ ಭಕ್ತನಿಗೆ ಶರಣಚರಿತ್ರೆಯಲ್ಲಿ ಒಬ್ಬ ಹಿರಿಯ ಸಂಗಾತಿಯಿದ್ದಾನೆ. ಆತನೇ ಮೋಳಿಗೆಯ ಮಾರಯ್ಯ. ಕಾಶ್ಮೀರದ ಅರಸನಾಗಿದ್ದ ಈತನು ಸಿಂಹಾಸನವನ್ನು ಬಿಟ್ಟು, ರಾಣಿ ಮಹಾದೇವಿಯೊಡನೆ ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆಯನ್ನು ಹೊತ್ತು ಮಾರಿ ಜಂಗಮದಾಸೋಹವನ್ನು ನಡೆಸಿದನೆಂದು ಪರಂಪರೆ ಹೇಳುತ್ತದೆ. ಅರಸನಾಗಿದ್ದವನು ಕಟ್ಟಿಗೆ ಮಾರಬಹುದೇ ಎಂದು ಆತನು ಕೇಳಿಕೊಳ್ಳಲಿಲ್ಲ. ಆತನ ರಾಣಿಯೂ ಕೇಳಲಿಲ್ಲ. ಹೊಸ ಕಾಯಕಕ್ಕೆ ಇಳಿಯುವ ಹಿರಿಯನಿಗೆ ಮೊದಲು ಬೇಕಾದುದು ಇದೇ ಧೈರ್ಯ. ನಿನ್ನೆ ಮೇಲ್ವಿಚಾರಕನಾಗಿದ್ದವನು ಇಂದು ಅಂಗಡಿಯ ಲೆಕ್ಕ ಬರೆದರೆ ಕೆಳಗಿಳಿದಂತಾಗುವುದಿಲ್ಲ. ತನಗಿಂತ ಇಪ್ಪತ್ತು ವರ್ಷ ಕಿರಿಯನಾದವನಿಂದ ಹೊಸ ಯಂತ್ರದ ವಿದ್ಯೆಯನ್ನು ಕಲಿಯುವುದಕ್ಕೆ ಸಂಕೋಚಪಡಬೇಕಾಗಿಲ್ಲ. ಅನುಭವಮಂಟಪದ ಶೂನ್ಯಪೀಠದಲ್ಲಿ ಅಲ್ಲಮಪ್ರಭುಗಳ ತರುವಾಯ ಅಧ್ಯಕ್ಷರಾದವರು ವಯಸ್ಸಿನಲ್ಲಿ ಎಳೆಯರಾದ ಚೆನ್ನಬಸವಣ್ಣನವರು. ಹಿರಿಯ ಶರಣರೂ ಅವರಿಂದ ಷಟ್‌ಸ್ಥಲದ ಮರ್ಮವನ್ನರಿತರು. ಕಲಿಯುವಲ್ಲಿ ವಯಸ್ಸಿನ ಭೇದವನ್ನು ಶರಣರು ಎಣಿಸಲಿಲ್ಲ.

ಆದರೆ ಧೈರ್ಯವನ್ನು ಕೆಲಸವಿಲ್ಲದವನೊಬ್ಬನಿಂದಲೇ ನಿರೀಕ್ಷಿಸುವುದು ನ್ಯಾಯವಲ್ಲ. ಮಾರಯ್ಯನು ತಂದ ಕಟ್ಟಿಗೆಯನ್ನು ಕೊಳ್ಳುವ ಜನರು ಕಲ್ಯಾಣದಲ್ಲಿ ಇದ್ದರು. ಅಂಗಡಿ, ಗಿರಣಿ, ಶಾಲೆ, ಸಹಕಾರಿ ಸಂಘಗಳನ್ನು ನಡೆಸುವ ಭಕ್ತರು ಈ ಸಭೆಯಲ್ಲಿ ಅನೇಕರಿದ್ದಾರೆ. ಅವರು ಕೆಲಸಕ್ಕೆ ಆಳನ್ನು ಆರಿಸುವಾಗ ಹುಟ್ಟಿದ ತಾರೀಖನ್ನು ಮೊದಲು ನೋಡದೆ, ಮಾಡಬೇಕಾದ ಕೆಲಸವನ್ನು ಮೊದಲು ನೋಡಲಿ. ಲೆಕ್ಕಪತ್ರ, ಉಗ್ರಾಣ, ಪಾಠ, ಎಳೆಯ ಕೆಲಸಗಾರರನ್ನು ತಿದ್ದುವುದು, ಇವುಗಳಲ್ಲಿ ಐವತ್ತೈದರವನು ಇಪ್ಪತ್ತೈದರವನಿಗೆ ಯಾವ ರೀತಿಯಿಂದಲೂ ಕಡಿಮೆಯಲ್ಲ. ದಿನಕ್ಕೆ ಎಂಟು ಗಂಟೆ ದುಡಿಯಲಾರದವನು ನಾಲ್ಕು ಗಂಟೆ ದುಡಿಯಬಲ್ಲನು. ಅಷ್ಟಕ್ಕೆ ತಕ್ಕ ಕೂಲಿಯನ್ನು ಕೊಡುವ ಏರ್ಪಾಡು ಕಷ್ಟವಾದುದಲ್ಲ. ಅರವತ್ತು ದಾಟಿಯೂ ದುಡಿಯಬಯಸುವವರನ್ನು ಕೆಲಸ ಕೊಡುವವರೊಡನೆ ಕೂಡಿಸಲು ಕೇಂದ್ರ ಸರಕಾರವು 2021ರ ಅಕ್ಟೋಬರ್ 1ರಂದು ‘ಸೇಕ್ರೆಡ್’ ಎಂಬ ಜಾಲತಾಣವೊಂದನ್ನು ಆರಂಭಿಸಿತು. ಆದರೆ ಊರಿನ ಪರಿಚಯದಿಂದ ಆಗುವ ಕೆಲಸವನ್ನು ದೂರದ ಏರ್ಪಾಡು ಪೂರ್ಣವಾಗಿ ಮಾಡಲಾರದು. ಇವನು ನಂಬಿಗಸ್ಥನೆಂದು ಹೇಳುವ ಒಬ್ಬ ಭಕ್ತನ ಮಾತು ಹತ್ತು ಅರ್ಜಿಗಳಿಗೆ ಸಮ.

ಇನ್ನು ಕ್ರಮದಂತೆ ನಿವೃತ್ತನಾದವನ ಸಂಗತಿ. ಅವನು ಹುದ್ದೆಯೊಡನೆ ಕಳೆದುಕೊಳ್ಳುವುದು ಸಂಬಳದ ಒಂದು ಭಾಗವನ್ನು ಮಾತ್ರವಲ್ಲ. ದಿನದ ಕ್ರಮವನ್ನೂ, ತನ್ನನ್ನು ಕೇಳಿ ಕೆಲಸ ಮಾಡುವ ಜನರನ್ನೂ, ನಮಸ್ಕಾರಗಳನ್ನೂ ಕಳೆದುಕೊಳ್ಳುತ್ತಾನೆ. ನಮಸ್ಕಾರಗಳು ಕುರ್ಚಿಗೆ ಸಲ್ಲುತ್ತಿದ್ದವೇ ಹೊರತು ತನಗಲ್ಲವೆಂದು ತಿಳಿದಾಗ ಕೆಲವರಿಗೆ ಕೋಪವೂ ಕೆಲವರಿಗೆ ದುಃಖವೂ ಉಂಟಾಗುತ್ತದೆ. ಅನೇಕರು ಕಚೇರಿಯ ಅಧಿಕಾರವನ್ನು ಮನೆಯೊಳಗೆ ಚಲಾಯಿಸಹೋಗಿ, ಸೊಸೆಯ ಅಡುಗೆಯಲ್ಲಿಯೂ ಮಗನ ವ್ಯವಹಾರದಲ್ಲಿಯೂ ತಪ್ಪು ಹುಡುಕುತ್ತಾ ಮನೆಯ ಶಾಂತಿಯನ್ನು ಕೆಡಿಸಿಕೊಳ್ಳುತ್ತಾರೆ.

ಇಂಥವನು ತನ್ನ ಮನೆಯಲ್ಲಿಯೇ ಒಂದು ಸಂಗತಿಯನ್ನು ನೋಡಬೇಕು. ಅವನ ಧರ್ಮಪತ್ನಿಯು ಅವನಿಗಿಂತ ಮುಂಚೆ ಎದ್ದು, ಅವನು ಮಲಗಿದ ಮೇಲೆ ಮಲಗಿ, ನಲವತ್ತು ವರ್ಷ ದುಡಿದಿದ್ದಾಳೆ. ಆಕೆಗೆ ಯಾರೂ ಹಾರ ಹಾಕಲಿಲ್ಲ, ಆಕೆಗೆ ನಿವೃತ್ತಿಯ ದಿನ ಬರಲಿಲ್ಲ, ಪಿಂಚಣಿಯೂ ಇಲ್ಲ. ಗಂಡನು ನಿವೃತ್ತನಾದಂದಿನಿಂದ ಮಧ್ಯಾಹ್ನದ ಒಂದು ಚಹಾ, ಒಂದು ಊಟ ಆಕೆಯ ಕೆಲಸಕ್ಕೆ ಸೇರಿತಷ್ಟೆ. ಬಿಡುವಾದ ಯಜಮಾನನ ಮೊದಲನೆಯ ಕಾಯಕವು ಆಕೆಯ ಹೊರೆಯಲ್ಲಿ ಅರ್ಧವನ್ನು ಹೊರುವುದು. ನೀರು ತರುವುದು, ಸಂತೆ ಮಾಡುವುದು, ಕಾಯಿಪಲ್ಲೆ ಹೆಚ್ಚುವುದು ಇವು ಯಾರ ಘನತೆಗೂ ಕುಂದಲ್ಲ. ಕಸ ಗುಡಿಸುವುದನ್ನೇ ಕಾಯಕವಾಗಿ ಕೈಕೊಂಡ ಸತ್ಯಕ್ಕನನ್ನು ಶರಣಸಂಕುಲವು ಇಂದಿಗೂ ಸ್ಮರಿಸುತ್ತದೆ.

ವ್ಯವಹಾರದಲ್ಲಿಯೂ ಕೆಲವು ಎಚ್ಚರಗಳು ಅವಶ್ಯ. ಸೇವಾಪುಸ್ತಕದಲ್ಲಿ ಹುಟ್ಟಿದ ತಾರೀಖು, ಹೆಂಡತಿಯ ಹೆಸರು, ನಾಮನಿರ್ದೇಶನ ಇವು ಸರಿಯಾಗಿವೆಯೇ ಎಂದು ನಿವೃತ್ತಿಗೆ ಎರಡು ವರ್ಷ ಮುಂಚೆಯೇ ನೋಡಿಕೊಳ್ಳಬೇಕು. ಒಂದು ಅಕ್ಷರದ ತಪ್ಪಿನಿಂದ ವಿಧವೆಯ ಕುಟುಂಬ ಪಿಂಚಣಿಯು ವರ್ಷಗಟ್ಟಲೆ ನಿಲ್ಲಬಹುದು. ಕೇಂದ್ರ ಸರಕಾರದ ಪಿಂಚಣಿದಾರರು ಪ್ರತಿ ನವೆಂಬರ್ ತಿಂಗಳಲ್ಲಿ ಜೀವಂತ ಪ್ರಮಾಣಪತ್ರವನ್ನು ಕೊಡುವುದನ್ನು ಮರೆಯಬಾರದು. 2014ರಿಂದ ಇದನ್ನು ಬೆರಳಚ್ಚಿನ ಮೂಲಕ ಮನೆಯ ಸಮೀಪದಲ್ಲಿಯೇ ಕೊಡುವ ಅನುಕೂಲವಾಗಿದೆ. ದೂರವಾಣಿಯಲ್ಲಿ ಪೊಲೀಸರೆಂದೂ ಬ್ಯಾಂಕಿನವರೆಂದೂ ಹೇಳಿಕೊಂಡು ಹೆದರಿಸಿ, ಜೀವಮಾನದ ಉಳಿತಾಯವನ್ನು ಒಂದೇ ದಿನದಲ್ಲಿ ಕಸಿಯುವ ವಂಚಕರು ಈ ಕಾಲದಲ್ಲಿ ಹೆಚ್ಚಾಗಿದ್ದಾರೆ. ಅಂಥ ಕರೆ ಬಂದರೆ ಮಾತನ್ನು ಅಲ್ಲಿಯೇ ನಿಲ್ಲಿಸಿ ಮಕ್ಕಳಿಗೆ ತಿಳಿಸಬೇಕು. ಆಸ್ತಿಯನ್ನೆಲ್ಲ ಮಮತೆಯಿಂದ ಮಕ್ಕಳ ಹೆಸರಿಗೆ ಬರೆದುಕೊಟ್ಟು ಬರಿಗೈಯಾಗಬಾರದು. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಆದ ಶಾಸನದ ಪ್ರಕಾರ, ನೋಡಿಕೊಳ್ಳುವ ನಿಬಂಧನೆಯ ಮೇಲೆ ಕೊಟ್ಟ ಆಸ್ತಿಯನ್ನು ನೋಡಿಕೊಳ್ಳದವರಿಂದ ಮರಳಿ ಪಡೆಯುವ ಮಾರ್ಗವಿದೆ. ಆದರೆ ಆ ನಿಬಂಧನೆಯನ್ನು ಪತ್ರದಲ್ಲಿ ಬರೆಸಿರುವುದು ಕ್ಷೇಮ. ಇದನ್ನು ಮಕ್ಕಳಲ್ಲಿ ಅವಿಶ್ವಾಸವೆಂದು ಯಾರೂ ತಿಳಿಯಬೇಕಾಗಿಲ್ಲ. ತನ್ನ ಊಟಕ್ಕೆ ತಾನು ಭಾರವಾಗದಂತೆ ನೋಡಿಕೊಳ್ಳುವುದೂ ಸದಾಚಾರದ ಒಂದು ಭಾಗ.

ಈ ಎಚ್ಚರಗಳಾದ ಮೇಲೆ, ದೊರೆತ ಬಿಡುವನ್ನು ಹೇಗೆ ಬಳಸಬೇಕು? ಉದಾಹರಣೆಗಾಗಿ ಪುರಾಣಕ್ಕೆ ಹೋಗಬೇಕಾಗಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರಕಾರದ ಸೇವೆಯಿಂದ ಅವಧಿಗೆ ಮುಂಚೆಯೇ ನಿವೃತ್ತರಾದರು. ಅವರು ಮೈಸೂರಿನ ಮುಖ್ಯ ಎಂಜಿನಿಯರಾದದ್ದೂ, 1912ರಿಂದ 1918ರವರೆಗೆ ದಿವಾನರಾಗಿದ್ದದ್ದೂ ಆ ನಿವೃತ್ತಿಯ ತರುವಾಯ. ದಿವಾನಗಿರಿಯನ್ನು ಬಿಟ್ಟ ಮೇಲೆಯೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ನಷ್ಟದಿಂದ ಎತ್ತಿದರು. 1934ರಲ್ಲಿ ದೇಶದ ಯೋಜಿತ ಅರ್ಥವ್ಯವಸ್ಥೆಯನ್ನು ಕುರಿತು ಗ್ರಂಥ ಬರೆದರು. 1951ರಲ್ಲಿ, ತೊಂಬತ್ತು ದಾಟಿದವರಾಗಿ, ತಮ್ಮ ಕಾರ್ಯಜೀವನದ ನೆನಪುಗಳನ್ನು ಪ್ರಕಟಿಸಿದರು.

ಫ. ಗು. ಹಳಕಟ್ಟಿಯವರ ಋಣವು ಈ ಸಭೆಯಲ್ಲಿರುವ ಪ್ರತಿಯೊಬ್ಬರ ಮೇಲೂ ಇದೆ. 1880ರಲ್ಲಿ ಧಾರವಾಡದಲ್ಲಿ ಜನಿಸಿ, ವಿಜಯಪುರದಲ್ಲಿ ವಕೀಲಿ ಮಾಡಿದ ಅವರು, ಓಲೆಗರಿಗಳಲ್ಲಿ ಮುಚ್ಚಿಹೋಗಿದ್ದ ವಚನಗಳನ್ನು ಮನೆಮನೆಗಳಿಂದಲೂ ಮಠಗಳಿಂದಲೂ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿದರು. ಮುದ್ರಣಾಲಯಕ್ಕಾಗಿ ಸ್ವಂತ ಮನೆಯನ್ನು ಮಾರಿದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿ, ಇತರರು ವಿಶ್ರಾಂತಿಗೆ ತೊಡಗುವ ವಯಸ್ಸು ಕಳೆದ ಮೇಲೂ ಬಡತನದಲ್ಲಿಯೇ ಅದನ್ನು ನಡೆಸಿದರು. 1964ರಲ್ಲಿ, 84ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದರು. ಅವರ ಕಾಯಕವನ್ನು ಸ್ಮರಿಸುವಾಗ ಅವರ ಬಡತನವನ್ನು ಹೊಗಳಿಯಷ್ಟೇ ಸುಮ್ಮನಾಗಬಾರದು. ಅಂಥವರನ್ನು ಮುಪ್ಪಿನಲ್ಲಿ ಕೊರತೆಯಿಲ್ಲದಂತೆ ಕಾಪಾಡುವ ಹೊಣೆಯು ಸಮಾಜದ್ದಾಗಿತ್ತು ಎಂಬುದನ್ನೂ ಸ್ಮರಿಸಬೇಕು.

ಸಿದ್ಧಗಂಗೆಯ ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳು 1941ರಲ್ಲಿ ಮಠದ ಹೊಣೆಯನ್ನು ವಹಿಸಿ, 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೆ, ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧದಾಸೋಹದ ಪ್ರಾಣವಾಗಿದ್ದರು.

ಆದರೆ ಇಂಥ ಮಹಾಪುರುಷರ ಹೆಸರುಗಳನ್ನು ಹೇಳಿ ಸಾಮಾನ್ಯನನ್ನು ನಾಚಿಸುವುದು ಈ ಉಪನ್ಯಾಸದ ಉದ್ದೇಶವಲ್ಲ. ಎಲ್ಲರಿಗೂ ಅಂಥ ಕಾಯಬಲವಿರುವುದಿಲ್ಲ. ಕಾಯಕವು ಕಾಯವನ್ನನುಸರಿಸಿದ್ದಾದುದರಿಂದ, ಕಾಯವು ಕುಗ್ಗಿದಂತೆ ಕಾಯಕದ ರೂಪವೂ ಬದಲಾಗಬೇಕು. ಅದೇ ಅದರ ಧರ್ಮ. ಹರೆಯದಲ್ಲಿ ನೇಗಿಲು ಹಿಡಿದ ರೈತನು ಅರವತ್ತರಲ್ಲಿ ಬಿತ್ತುವ ಬೀಜವನ್ನು ಆರಿಸುತ್ತಾನೆ. ಎಪ್ಪತ್ತರಲ್ಲಿ ಹಗ್ಗ ಹೊಸೆಯುತ್ತಾನೆ. ಎಂಬತ್ತರಲ್ಲಿ ಮೊಮ್ಮಗನಿಗೆ ಮೋಡದ ಲಕ್ಷಣವನ್ನು ಹೇಳಿಕೊಡುತ್ತಾನೆ. ಮಗ್ಗದ ಗುಂಡಿಗೆ ಇಳಿಯಲಾರದ ಇಳಕಲ್ಲಿನ ನೇಕಾರನು ದಡದ ಮೇಲೆ ಕುಳಿತು ಮಗನ ನೇಯ್ಗೆಯಲ್ಲಿ ತಪ್ಪಿದ ಎಳೆಯನ್ನು ತೋರಿಸುತ್ತಾನೆ. ಇವರಲ್ಲಿ ಯಾರೂ ಕಾಯಕವನ್ನು ಬಿಟ್ಟವರಲ್ಲ.

ಇನ್ನೂ ಮುಂದಿನ ಅವಸ್ಥೆಯೊಂದಿದೆ. ಕೈ ಏಳುವುದಿಲ್ಲ, ಕಣ್ಣು ಕಾಣುವುದಿಲ್ಲ, ಮತ್ತೊಬ್ಬರು ತುತ್ತು ಕೊಡಬೇಕು. ಜೀವಮಾನವೆಲ್ಲ ಕೊಟ್ಟು ಬಾಳಿದವನಿಗೆ ಇದರಷ್ಟು ಕಠಿಣವಾದ ಕಾಲ ಬೇರೊಂದಿಲ್ಲ. ಯಾರಿಗೂ ಭಾರವಾಗಬಾರದೆಂದು ಅವನು ಅನ್ನವನ್ನೇ ಕಡಿಮೆ ಮಾಡುತ್ತಾನೆ, ಔಷಧವನ್ನು ಮುಚ್ಚಿಡುತ್ತಾನೆ. ದಾಸೋಹವೆಂಬುದು ಕೊಡುವವನೊಬ್ಬನಿಂದಲೇ ನಡೆಯತಕ್ಕದ್ದಲ್ಲ. ಪ್ರಸಾದವೆಂದು ಭಾವಿಸಿ ಸ್ವೀಕರಿಸುವವನಿಲ್ಲದೆ ದಾಸೋಹವೇ ಇಲ್ಲ. ಆದುದರಿಂದ ಮಕ್ಕಳು ಮಾಡುವ ಸೇವೆಯನ್ನು ನಾಚಿಕೆಯಿಲ್ಲದೆ, ಗೊಣಗದೆ, ಪ್ರಸನ್ನಚಿತ್ತದಿಂದ ಸ್ವೀಕರಿಸುವುದು ವೃದ್ಧನಿಗೆ ಉಳಿದಿರುವ ಕಾಯಕ. ಅದರಿಂದ ಸೇವೆ ಮಾಡುವ ಕಿರಿಯರು ಪಾವನರಾಗುತ್ತಾರೆ. ಆ ಸೇವೆಯನ್ನು ಭಾರವೆಂದೆಣಿಸದೆ ಮಾಡುವುದು ಕಿರಿಯರ ಕಾಯಕ.

ಸುವರ್ಣಮಹೋತ್ಸವದ ಈ ಶುಭಕಾಲದಲ್ಲಿ ಮೂರು ಸಂಕಲ್ಪಗಳನ್ನು ಸದ್ಭಕ್ತರ ಮುಂದಿಡಲಾಗಿದೆ. ಒಂದನೆಯದು, ಧರ್ಮಸಂಸ್ಥೆಗಳಲ್ಲಿಯೂ ಭಕ್ತರ ಉದ್ಯಮಗಳಲ್ಲಿಯೂ ದುಡಿಯುವ ಪ್ರತಿಯೊಬ್ಬರಿಗೂ, ಅಡುಗೆಯವರೂ ಕಸಗುಡಿಸುವವರೂ ಸೇರಿ, ಭವಿಷ್ಯನಿಧಿ ಮೊದಲಾದ ಶಾಸನೋಕ್ತ ಸೌಲಭ್ಯಗಳು ಅವರು ಕೇಳದೆಯೇ ಸಲ್ಲಬೇಕು. ಎರಡನೆಯದು, ಪ್ರತಿ ಹುಣ್ಣಿಮೆಯ ಶಿವಾನುಭವದ ದಿನ, ನಿವೃತ್ತರಾದ ಗುಮಾಸ್ತರು, ಉಪಾಧ್ಯಾಯರು, ಬ್ಯಾಂಕಿನವರು ಶ್ರೀಮಠದ ಪಡಸಾಲೆಯಲ್ಲಿ ಎರಡು ಗಂಟೆ ಕುಳಿತು, ಓದುಬರಹವರಿಯದ ವೃದ್ಧರ ಮತ್ತು ವಿಧವೆಯರ ಪಿಂಚಣಿಯ ಕಾಗದಪತ್ರಗಳನ್ನು ಬರೆದುಕೊಡಬೇಕು. 65 ತುಂಬಿದ ಬಡವರಿಗಾಗಿ ರಾಜ್ಯ ಸರಕಾರವು 2007ರಲ್ಲಿ ಆರಂಭಿಸಿದ ಸಂಧ್ಯಾಸುರಕ್ಷಾ ಯೋಜನೆಯ ಅರ್ಜಿಯನ್ನು ಬರೆಸಿಕೊಡುವವರಿಲ್ಲದೆ ಆ ಸಹಾಯವನ್ನು ಕಳೆದುಕೊಂಡವರಿದ್ದಾರೆ. ಮೂರನೆಯದು, ನಡುವಯಸ್ಸಿನಲ್ಲಿ ಕೆಲಸ ಕಳೆದುಕೊಂಡವರ ಹೆಸರು ಮತ್ತು ಕುಶಲತೆಗಳನ್ನು ಬರೆದಿಡುವ ಒಂದು ವಹಿಯನ್ನು ಇಟ್ಟು, ಕೆಲಸ ಕೊಡಬಲ್ಲ ಭಕ್ತರಿಗೆ ಅದನ್ನು ತೋರಿಸಬೇಕು. ಇವುಗಳಿಗೆ ದೊಡ್ಡ ನಿಧಿ ಬೇಕಾಗಿಲ್ಲ. ಒಂದು ಜಮಖಾನೆ, ಒಂದು ಮೇಜು, ನಾಲ್ಕು ಜನ ಹಿರಿಯರ ಮನಸ್ಸು ಸಾಕು.

ಆರಂಭದ ಪ್ರಶ್ನೆಗೆ ಉತ್ತರವು ಈಗ ಸ್ಪಷ್ಟವಾಗಿದೆ. ಹುದ್ದೆಗೆ ನಿವೃತ್ತಿಯುಂಟು, ಅದು ನ್ಯಾಯವಾಗಿಯೂ ಗೌರವದಿಂದಲೂ, ಸಲ್ಲತಕ್ಕದ್ದು ಸಂದು ಆಗಬೇಕು. ಕಾಯಕಕ್ಕೆ ನಿವೃತ್ತಿಯಿಲ್ಲ, ಆದರೆ ಅದು ಕಾಯದ ಶಕ್ತಿಯನ್ನು ಮೀರಬಾರದು, ಮತ್ತೊಬ್ಬರ ಬಲಾತ್ಕಾರವೂ ಆಗಬಾರದು. ಷಟ್‌ಸ್ಥಲಶಾಸ್ತ್ರದಲ್ಲಿ ಆರು ಸ್ಥಲಗಳಿಗೂ ಒಂದೊಂದು ಕಲೆಯನ್ನು ಹೇಳಿದ್ದಾರೆ. ಅವುಗಳಲ್ಲಿ ನಿವೃತ್ತಿಕಲೆಯು ಸೇರಿರುವುದು ಮೊದಲನೆಯದಾದ ಭಕ್ತಸ್ಥಲಕ್ಕೆ. ಶಾಸ್ತ್ರದ ನಿವೃತ್ತಿಯ ಅರ್ಥವು ಕಚೇರಿಯ ನಿವೃತ್ತಿಗಿಂತ ಬೇರೆ, ನಿಜ. ಆದರೂ ಹುದ್ದೆಯಿಂದ ಬಿಡುಗಡೆ ಹೊಂದಿದ ಭಕ್ತನು, ತನ್ನ ದಾರಿ ಮುಗಿಯಿತೆಂದು ಕುಗ್ಗಿದಾಗ, ಆ ಹೆಸರು ಮೊದಲನೆಯ ಮೆಟ್ಟಿಲಿನಲ್ಲಿದೆಯೆಂಬುದನ್ನು ನೆನೆಯಲಿ.

ಶ್ರೀಗುರುವು ಸರ್ವರಿಗೂ ಆಯುರಾರೋಗ್ಯವನ್ನೂ, ಆಯುಷ್ಯವಿರುವವರೆಗೆ ಸತ್ಯಶುದ್ಧವಾದ ಕಾಯಕವನ್ನೂ ಕರುಣಿಸಲಿ.